ಒಂಬತ್ತನೇ ಪೀಪಾಯಿ, ಮೀನಿನ ಜೊತೆ

ಗೋಂದಣ್ಣ ಇಪ್ಪತ್ತೆರಡು ವರ್ಷದಿಂದ ವೈನ್ ಬಾಟ್ಲಿಗಳ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದ. ಎದೆಯ ಮೇಲಿನ ದೊಡ್ಡ ಚೀಟಿಗೆ ಯಂತ್ರ ಇತ್ತು. ಬೆನ್ನಿನದು ಅಂಗೈಗಿಂತ ಚಿಕ್ಕದು, ಯಂತ್ರಕ್ಕೆ ಹಿಡಿಯಲು ಬರುತ್ತಿರಲಿಲ್ಲ, ಗೋಂದಣ್ಣನಿಗೆ ಬರುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಬೇರೆ ಏನೋ ಇತ್ತು. ಆದರೆ ಗೋಂದಿನ ಡಬ್ಬಿಯ ಪಕ್ಕ ಇಷ್ಟು ವರ್ಷ ಕೂತವನನ್ನು ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಬೆನ್ನಿನ ಚೀಟಿಯಲ್ಲಿ ಯಜಮಾನರು ಸ್ವತಃ ಬರೆದು ಅಚ್ಚು ಹಾಕಿಸಿದ ಎರಡು ಸಾಲು ಇರುತ್ತಿತ್ತು: ಈ ವೈನನ್ನು ಯಾವ ಊಟದ ಜೊತೆ ಕುಡಿಯಬೇಕು ಅನ್ನುವುದು. ಅದನ್ನು ಸಲಹೆ ಅಂದುಕೊಂಡವರು ಯಜಮಾನರನ್ನು ಕಂಡವರಲ್ಲ. ಅದು ಅಪ್ಪಣೆ.

ಕಾರ್ಖಾನೆ ದೊಡ್ಡದೇನಲ್ಲ. ಹಿಂದೆ ದ್ರಾಕ್ಷಿ ತೋಟ, ಮುಂದೆ ಒಂದು ಉದ್ದನೆಯ ಶೆಡ್ಡು, ಪಕ್ಕದಲ್ಲೇ ಯಜಮಾನರ ಮನೆ, ನೆಲಮಾಳಿಗೆಯಲ್ಲಿ ಹನ್ನೆರಡು ಪೀಪಾಯಿ. ತಯಾರಾಗುತ್ತಿದ್ದದ್ದು ನಾಲ್ಕೇ ವೈನು. ತೆಳು ಬಿಳಿಯ ಬೆನ್ನ ಮೇಲೆ 'ಮೀನಿನ ಜೊತೆ, ಮೀನು ಆರುವ ಮೊದಲು' ಎಂದಿರುತ್ತಿತ್ತು. ದಪ್ಪ ಬಿಳಿಗೆ ಕೋಳಿ, ಅಣಬೆ, ಬೆಣ್ಣೆಯಲ್ಲಿ ಬಾಡಿಸಿದ್ದು ಏನಾದರೂ. ತಿಳಿಗೆಂಪಿಗೆ ಸುಟ್ಟ ಬದನೆ, ಬೇಳೆ, ಹಂದಿ. ಕಡುಗೆಂಪಿಗೆ 'ಕುರಿಮಾಂಸ, ಹಳೇ ಚೀಸು, ಇನ್ನೇನೂ ಬೇಡ'. 'ಇನ್ನೇನೂ ಬೇಡ' ಅನ್ನುವುದೂ ಅಚ್ಚಾಗಿಯೇ ಇತ್ತು. ಒಮ್ಮೆ ಯಾರೋ ಗಿರಾಕಿ ಕಡುಗೆಂಪಿನ ಜೊತೆ ಮೀನು ತಿಂದರೆ ಹೇಗೆ ಅಂತ ಕೇಳಿದ್ದಕ್ಕೆ ಯಜಮಾನರು ಅವನ ಮುಂದಿನ ಗ್ಲಾಸು ಎತ್ತಿಕೊಂಡು, "ಕಬ್ಬಿಣ ನೆಕ್ಕಬೇಕು ಅನಿಸಿದ್ರೆ ಹೊರಗೆ ಗೇಟಿದೆ, ಹೋಗಿ ನೆಕ್ಕು" ಅಂದಿದ್ದರು.

ಗೋಂದಣ್ಣ ವೈನು ಕುಡಿದವನಲ್ಲ. ಒಂದು ಗುಟುಕು ಒಳಗೆ ಹೋದರೂ ಕುತ್ತಿಗೆಯಿಂದ ಕಿವಿಯವರೆಗೆ ದದ್ದು ಏಳುತ್ತಿತ್ತು. ಆದರೆ ದಿನಕ್ಕೆ ನಾನೂರು ಸಲ ಓದಿದ ಚೀಟಿ ಬಾಯಿಗೆ ಬಾರದೆ ಇರುತ್ತದೆಯೇ? ಅವನ ಬೀದಿಯಲ್ಲಿ ಅವನೇ ವೈನ್ ಪಂಡಿತ. ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು, "ನನ್ನ ಕೇಳದೆ ಯಜಮಾನ್ರು ಒಂದು ಪೀಪಾಯಿ ಬಿರಡೆನೂ ಕೀಳಲ್ಲ" ಅನ್ನುತ್ತಿದ್ದ. ಕ್ಷೌರಿಕ ನಂಬಿದ್ದ. ಹೆಂಡತಿ ಅರ್ಧ ನಂಬಿದ್ದಳು. ಬಸ್ ಕಂಡಕ್ಟರಾಗಿದ್ದ ಭಾವಮೈದ ಮಾತ್ರ, "ಗೋಂದು ಹಚ್ಚೋನಿಗೆ ಇಷ್ಟೊಂದು ಅಧಿಕಾರನಾ?" ಅಂತ ಕೇಳುತ್ತಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಯಜಮಾನರು ಚೀಟಿ ಕೋಣೆಗೆ ಬಂದರು. ಎಪ್ಪತ್ತನಾಲ್ಕು ವರ್ಷ, ಕೈಯಲ್ಲಿ ಕೋಲಿಲ್ಲ, ಬಾಯಲ್ಲಿ ಎಲ್ಲ ಹಲ್ಲೂ ಇದ್ದವು. ಅಂಟಿಸಿಟ್ಟ ಬಾಟ್ಲಿಗಳಲ್ಲಿ ಒಂದನ್ನು ಎತ್ತಿ, ತೋಳುದ್ದ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಓರೆ," ಅಂದರು.

ಗೋಂದಣ್ಣ ಎದ್ದು ನಿಂತ.

"ಮುದಿ ಕತ್ತೆ. ಇಪ್ಪತ್ತೆರಡು ವರ್ಷ ಆಯ್ತು. ಒಂದು ಚೀಟಿ ನೆಟ್ಟಗೆ ಅಂಟಿಸೋಕೆ ಬರಲ್ವಲ್ಲೋ ನಿನಗೆ."

ಇನ್ನೂ ಬೈಯುವುದಿತ್ತು ಅಂತ ಕಾಣುತ್ತದೆ, ಆರಾಮಾಗಿ ಬೈಯೋಣ ಅಂತ ಸ್ಟೂಲಿನ ಮೇಲೆ ಕೂತರು. ಬಾಟ್ಲಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಆಮೇಲೆ ಗೋಡೆಗೆ ಒರಗಿದರು, ಅಷ್ಟೆ. ಸಾಯುವಾಗಲೂ ಬಾಟ್ಲಿ ಒಡೆದವರಲ್ಲ ಯಜಮಾನರು.

ಹತ್ತು ನಿಮಿಷದಲ್ಲಿ ಕೋಣೆ ತುಂಬಿತು. ಮನೆಯಿಂದ ಅಮ್ಮಾವರು ಒದ್ದೆ ಕೈಯಲ್ಲೇ ಬಂದು ಗಂಡನ ಮೊಣಕಾಲು ಹಿಡಿದು ನೆಲದ ಮೇಲೆ ಕೂತರು. ನೆಲಮಾಳಿಗೆಯಿಂದ ಮಗ ಓಡಿಬಂದ. ಒಬ್ಬನೇ ಮಗ, ನಲವತ್ತು ದಾಟಿದ್ದ. ಅಪ್ಪನ ಕೈಕೆಳಗೆ ಹದಿನೆಂಟು ವರ್ಷ ಕೆಲಸ ಮಾಡಿ 'ಬಿಡು, ನಿನಗೆ ತಿಳಿಯಲ್ಲ' ಅನ್ನುವುದನ್ನು ಬಿಟ್ಟು ಇನ್ನೊಂದು ಮಾತು ಕೇಳಿದವನಲ್ಲ. ಮಗಳ ಗಂಡ ವಕೀಲರು, ಅವರೂ ಅವತ್ತು ಯಾವುದೋ ಕಾಗದಕ್ಕೆ ಅಂತ ಬಂದಿದ್ದರು. ಬಾಗಿಲಲ್ಲಿ ಬೀದಿಯ ಜನ, ಅವರ ನಡುವೆ ಕ್ಷೌರಿಕ. ಮುಖ್ಯ ರಸ್ತೆಯಿಂದ ಬಂದ ಡಾಕ್ಟರು ನಾಡಿ ನೋಡಿ, ತಲೆಯಾಡಿಸಿ, ಬರೆಯಲು ಪುಸ್ತಕ ತೆಗೆದರು.

"ಜೊತೆಲಿ ಯಾರಿದ್ರು?"

"ನಾನು," ಅಂದ ಗೋಂದಣ್ಣ.

"ಕೊನೇಲಿ ಮಾತು ತೊದಲ್ತಾ?"

"ಇಲ್ಲ ಡಾಕ್ಟ್ರೇ. ಸ್ಪಷ್ಟವಾಗಿ ಮಾತಾಡಿದ್ರು."

ಅವನು ಆಡಿದ್ದು ನಿಜ. ಮುಂದೆ ಆದ ಅನಾಹುತವೆಲ್ಲ ಈ ಒಂದು ನಿಜದಿಂದ ಶುರುವಾಯಿತು ಅನ್ನುವುದನ್ನು ಯಾರೂ ಗಮನಿಸಿಲ್ಲ.

"ಮಾತಾಡಿದ್ರಾ?" ಅಂದ ಮಗ. "ಏನಂದ್ರು?"

ಅಮ್ಮಾವರು ತಲೆ ಎತ್ತಿ ನೋಡಿದರು. ವಕೀಲರು ಕನ್ನಡಕ ಸರಿಮಾಡಿಕೊಂಡರು. ಕ್ಷೌರಿಕ ಒಂದು ಹೆಜ್ಜೆ ಒಳಗೆ ಬಂದ. ಹೆಣದ ಮುಂದೆ ನಿಂತು 'ನನ್ನನ್ನು ಮುದಿ ಕತ್ತೆ ಅಂದರು' ಅಂತ ಹೇಳುವುದಾದರೂ ಹೇಗೆ? ಅದೂ ಕ್ಷೌರಿಕನ ಎದುರಿಗೆ. ಗೋಂದಣ್ಣ ಅವರೆಲ್ಲರ ತಲೆ ಮೇಲಿಂದ ಆಚೆ ನೋಡಿದ. ಬಾಗಿಲ ಹತ್ತಿರ, ವಿನೆಗರ್ ಮಾಡುವವನ ಗಾಡಿಗೆ ಕಾಯುತ್ತ, ಹುಳಿ ಹೊಡೆದ ಒಂದು ಪೀಪಾಯಿ ನಿಂತಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಅಂತ ಬರೆದಿತ್ತು.

"ಒಂಬತ್ತನೇ ಪೀಪಾಯಿ," ಅಂದ.

ಇನ್ನೂ ಏನೋ ಬೇಕಾಗಿತ್ತು ಅವರಿಗೆ. ಗೋಂದಣ್ಣ ಕೆಳಗೆ ತನ್ನ ಕೈ ನೋಡಿಕೊಂಡ. ಕೈಯಲ್ಲಿ ತೆಳು ಬಿಳಿಯ ಚೀಟಿಗಳ ಕಟ್ಟಿತ್ತು.

"ಮೀನಿನ ಜೊತೆ," ಅಂದ.

ಹೆಣ ಇನ್ನೂ ಸ್ಟೂಲಿನ ಮೇಲಿದ್ದಾಗಲೇ ಚರ್ಚೆ ಶುರುವಾಯಿತು.

"ಒಂಬತ್ತನೇದು ಕೆಟ್ಟು ಆರು ತಿಂಗಳಾಯ್ತಲ್ಲ," ಅಂದ ಮಗ. "ಅಪ್ಪನೇ ವಿನೆಗರ್‌ಗೆ ಕೊಡು ಅಂದಿದ್ರು. ಮೇಲಾಗಿ ಕೆಂಪು. ಕೆಂಪಿಗೆ ಮೀನು ಅಂದ್ರೆ ಹೊಡೆಯೋಕೆ ಬರ್ತಿದ್ರು."

"ಅದಕ್ಕೇ ಅದು ದೊಡ್ಡ ಮಾತು," ಅಂದರು ವಕೀಲರು. "ಜೀವನ ಪೂರ್ತಿ ಬೇಡ ಅಂದದ್ದನ್ನ ಹೋಗೋವಾಗ ಬೇಕು ಅಂದಿದಾರೆ. ಸಾಯೋ ಮನುಷ್ಯನ ಮಾತನ್ನ ಕೋರ್ಟೂ ಒಪ್ಪತ್ತೆ."

ಮಗ ಬಹಳ ಹೊತ್ತು ಪೀಪಾಯಿಯನ್ನೇ ನೋಡಿದ. "ನೆಲಮಾಳಿಗೆ ನೋಡ್ಕೊಳ್ಳೋನು ನಾನು," ಅಂದ. "ಪೀಪಾಯಿ ವಿಷಯ ಅಂದ್ರೆ ನನಗೇ ಹೇಳಿದ್ದು ಅದು. ನನಗೆ ಹೇಳಿ ಅಂತ ಇವನ ಹತ್ರ ಹೇಳಿದಾರೆ."

ಆಮೇಲೆ ಅವನು ಅತ್ತ. ಅಳುವ ಮನುಷ್ಯನನ್ನು ತಡೆದು ತಿದ್ದುಪಡಿ ಮಾಡುವ ಧೈರ್ಯ ಗೋಂದಣ್ಣನಿಗೆ ಇರಲಿಲ್ಲ. ಸಂಜೆಗೆ ವಕೀಲರು ಒಂದು ಹಾಳೆಯಲ್ಲಿ 'ಮೃತರು ಸ್ವಸ್ಥ ಬುದ್ಧಿಯಿಂದಲೂ ಸ್ಪಷ್ಟ ಧ್ವನಿಯಿಂದಲೂ ಈ ಕೆಳಗಿನಂತೆ ನುಡಿದರು' ಎಂದು ಬರೆದು ತಂದರು. ಗೋಂದಣ್ಣ ಸಹಿ ಹಾಕಿದ. ಸಹಿ ಸ್ವಲ್ಪ ಓರೆಯಾಯಿತು.

ಮಾರನೆಯ ದಿನ ವಿನೆಗರ್‌ನವನು ಗಾಡಿ ತಂದ. ಅವನನ್ನು ಬಾಗಿಲಲ್ಲೇ ತಡೆದು ವಿಷಯ ಹೇಳಿದರು. ಅವನು ಟೋಪಿ ತೆಗೆದು ದುಃಖ ಸೂಚಿಸಿ, ಪೀಪಾಯಿಯ ನಲ್ಲಿಗೆ ಬೆರಳು ಒಡ್ಡಿ, ನೆಕ್ಕಿ, "ಇದು ವಿನೆಗರ್," ಅಂದ. "ಮೂವತ್ತು ವರ್ಷದಿಂದ ಮಾಡ್ತಿದೀನಿ. ಇಷ್ಟು ಒಳ್ಳೆ ವಿನೆಗರ್ ನಾನೇ ಮಾಡಿಲ್ಲ."

"ಇದು ನಮ್ಮಪ್ಪನ ಕೊನೆ ಮಾತು," ಅಂದ ಮಗ.

"ಇರಬಹುದು. ಕೊನೆ ಮಾತನ್ನ ಸೌತೆಕಾಯಿ ಮೇಲೆ ಹಾಕ್ಕೊಂಡು ತಿನ್ನಬಹುದು, ಗ್ಲಾಸಲ್ಲಿ ಕುಡಿಯೋಕಾಗಲ್ಲ."

ಅವನನ್ನು ಗೇಟಿನ ಆಚೆ ಬಿಟ್ಟುಬಂದರು. ಆ ಇಡೀ ಪ್ರಕರಣದಲ್ಲಿ ನಾಲಿಗೆ ನೆಟ್ಟಗಿದ್ದದ್ದು ಅವನೊಬ್ಬನದೇ.

ಮುಂದಿನ ಭಾನುವಾರ ಮಧ್ಯಾಹ್ನ ಶೆಡ್ಡಿನಲ್ಲಿ ಉದ್ದ ಮೇಜು ಹಾಕಿ ಯಜಮಾನರ ನೆನಪಿಗೆ ಊಟ ಇಟ್ಟರು. ಬಂಧುಗಳು, ಬೀದಿಯವರು, ವೈನು ಕೊಳ್ಳುವ ಹೋಟೆಲಿನ ಮಾಲೀಕರು, ಅಬಕಾರಿ ಅಧಿಕಾರಿ, ಪತ್ರಿಕೆಯಲ್ಲಿ ಊಟದ ವಿಚಾರ ಬರೆಯುವ ಒಬ್ಬ ರುಚಿ ಪಂಡಿತರು, ಒಟ್ಟು ಅರವತ್ತು ಜನ. ಎಲ್ಲರ ತಟ್ಟೆಗೂ ಮೀನು ಬಂತು, ಎಲ್ಲರ ಗ್ಲಾಸಿಗೂ ಒಂಬತ್ತನೇದು ಬಿತ್ತು. ವಕೀಲರು ಎದ್ದು ಹಾಳೆ ಓದಿದರು. ಗ್ಲಾಸು ಎತ್ತಿದರು.

ಮೊದಲ ಗುಟುಕಿಗೆ ಅರವತ್ತು ಜನರ ಕಣ್ಣಲ್ಲೂ ಒಟ್ಟಿಗೆ ನೀರು ಬಂತು.

ಇಷ್ಟು ಜನ ಇಷ್ಟು ಚೆನ್ನಾಗಿ ಅತ್ತ ಸಾವಿನ ಊಟವನ್ನು ಆ ಬೀದಿ ಕಂಡಿರಲಿಲ್ಲ. ಹೋಟೆಲಿನ ಮಾಲೀಕರು ಕರವಸ್ತ್ರ ಕಚ್ಚಿಕೊಂಡರು. ಅಬಕಾರಿ ಅಧಿಕಾರಿ ಮೇಜಿನ ಅಂಚು ಹಿಡಿದು ಸ್ವಲ್ಪ ಹೊತ್ತು ಛಾವಣಿ ನೋಡಿದರು. ವರ್ಷಗಟ್ಟಲೆ ಯಜಮಾನರ ಜೊತೆ ಜಗಳವಾಡಿದ್ದ ಅವರ ದೊಡ್ಡಪ್ಪನ ಮಗನೂ ಬಿಕ್ಕಿದ. ಅದನ್ನು ಕಂಡು ಹೆಂಗಸರು ನಿಜವಾಗಿಯೇ ಅತ್ತರು. ಯಜಮಾನರ ಅಕ್ಕ, ಎಂಬತ್ತು ದಾಟಿದ ಮುದುಕಿ, ಗ್ಲಾಸು ದೂರ ತಳ್ಳಿ, "ಇದು ಕೆಟ್ಟೋಗಿದೆ ಕಣ್ರೋ" ಅಂದಳು. "ದುಃಖದಲ್ಲಿ ಬಾಯಿ ರುಚಿ ಹೋಗತ್ತೆ ಅತ್ತೆ," ಅಂತ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿದರು.

ಎಲ್ಲರೂ ರುಚಿ ಪಂಡಿತರ ಮುಖ ನೋಡುತ್ತಿದ್ದರು. ಅವರು ಒಂದು ತುಂಡು ಮೀನು ತಿಂದರು. ಇನ್ನೊಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಉಗುಳಲು ಜಾಗ ಇರಲಿಲ್ಲ.

"ಮೊದಲು ಕೋಪ," ಅಂದರು ಕೊನೆಗೆ. "ಆಮೇಲೆ ಕಬ್ಬಿಣ. ಎಲ್ಲ ಮುಗೀತು ಅನ್ನೋವಾಗ ಒಂದು ಬೀಳ್ಕೊಡುಗೆ. ಈ ಮನುಷ್ಯ ತನ್ನ ಸಾವನ್ನ ರುಚಿ ನೋಡಿದ್ರು."

ಹೋಟೆಲಿನ ಮಾಲೀಕರು ಅಲ್ಲೇ ಇಪ್ಪತ್ತು ಡಜನ್ ಬಾಟ್ಲಿಗೆ ಹೇಳಿದರು. ಗೋಂದಣ್ಣನ ಮುಂದೆಯೂ ಗ್ಲಾಸಿತ್ತು. ಕೊನೆ ಮಾತು ಕೇಳಿದವನೇ ಕುಡಿಯದಿದ್ದರೆ ಹೇಗೆ? ಕುಡಿದ. ಕುತ್ತಿಗೆ ಕೆಂಪಾಯಿತು, ಕಿವಿ ದಪ್ಪವಾಯಿತು, ರೆಪ್ಪೆ ಊದಿ ಕಣ್ಣು ಮುಚ್ಚಿದವು. "ನೋಡ್ರಿ, ಮನೆಯವರಿಗಿಂತ ಜಾಸ್ತಿ ಅತ್ತವನು ಇವನು," ಅಂದ ಕ್ಷೌರಿಕ. ಭಾವಮೈದ ಮೊದಲ ಸಲ ಅವನ ಬೆನ್ನು ಸವರಿದ.

ಆಮೇಲಿನದು ಬೇಗ ಬೇಗ ಆಯಿತು. 'ಕೊನೆಯ ಮಾತು' ಎಂದು ಹೊಸ ಚೀಟಿ ಅಚ್ಚಾಯಿತು, ಬೆನ್ನ ಮೇಲೆ 'ಮೀನಿನ ಜೊತೆ' ಅಂತ ಒಂದೇ ಸಾಲು. ಅಬಕಾರಿ ಅಧಿಕಾರಿ ಮಾದರಿ ಪರೀಕ್ಷೆ ಮಾಡಿಸಿ, ಇಷ್ಟು ಹುಳಿ ಇದ್ದರೆ ನಿಯಮದ ಪ್ರಕಾರ ಇದು ವೈನಲ್ಲ, ವಿನೆಗರ್; ವಿನೆಗರ್ ನಮ್ಮ ಇಲಾಖೆಗೆ ಬರುವುದಿಲ್ಲ ಎಂದು ಬರೆದರು. ಆಹಾರ ಇಲಾಖೆಯವರು ಬಂದು, ಬಾಟ್ಲಿಯ ಮೇಲೆ ವೈನ್ ಅಂತಿದೆ, ವೈನ್ ನಮಗೆ ಬರುವುದಿಲ್ಲ ಎಂದು ಬರೆದರು. ಎರಡು ಕಾಗದವನ್ನೂ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು.

ಒಂಬತ್ತನೇ ಪೀಪಾಯಿ ಎರಡು ತಿಂಗಳಲ್ಲಿ ಖಾಲಿ. ಮಗ ಪೇಚಿಗೆ ಬಿದ್ದ. ಒಳ್ಳೆಯ ಕಡುಗೆಂಪಿನ ಮೂರು ಪೀಪಾಯಿಗಳ ಬಾಯಿ ತೆರೆದು ಗಾಳಿಗೆ ಇಟ್ಟ. ಬೇಕಾದ ಹಾಗೆ ಕೆಡಲಿಲ್ಲ. ಕೊನೆಗೆ ವಿನೆಗರ್‌ನವನನ್ನು ಕರೆಸಿದ. ಅವನು ಮೊದಲು ಒಲ್ಲೆ ಅಂದ, ಆಮೇಲೆ ದಿನಾ ಬಂದು ವೈನು ಕೆಡಿಸುವುದನ್ನು ಕಲಿಸಿಕೊಟ್ಟ. ಕಲಿಸುವಾಗ ಅವನ ಮುಖ ನೋಡುವ ಹಾಗಿರಲಿಲ್ಲ. "ನಿಮ್ಮಪ್ಪ ಇದನ್ನ ಮಾಡೋಕೆ ನಾಲ್ಕು ವರ್ಷ ತಗೊಂಡಿದ್ರು," ಅಂತ ಪೀಪಾಯಿ ಸವರುತ್ತಿದ್ದ.

ಗೋಂದಣ್ಣನಿಗೆ ಕಪ್ಪು ಕೋಟು ಹೊಲಿಸಿದರು. ಶನಿವಾರ ಭಾನುವಾರ ಬರುವ ಗಿರಾಕಿಗಳಿಗೆ ಆ ಕೊನೆಯ ಗಳಿಗೆಯನ್ನು ಹೇಳುವುದು ಅವನ ಕೆಲಸ. ದಿನ ಕಳೆದಂತೆ ಆ ಕಥೆಯಲ್ಲಿ ಯಜಮಾನರು ಅವನ ಭುಜದ ಮೇಲೆ ಕೈ ಇಟ್ಟರು, ಕಿಟಕಿಯಾಚೆ ತೋಟದ ಕಡೆ ನೋಡಿದರು, ನಕ್ಕರು. ಚೀಟಿ ಕೋಣೆಗೆ ಕಿಟಕಿಯೇ ಇರಲಿಲ್ಲ. ಹೇಳುವಾಗಲೆಲ್ಲ ಮಗ ಮೂಲೆಯಲ್ಲಿ ನಿಂತು, ಕೊನೆಯ ಎರಡು ಮಾತಿಗೆ ತುಟಿ ಅಲ್ಲಾಡಿಸುತ್ತಿದ್ದ. ಇತ್ತ ಬೀದಿಯಲ್ಲಿ ಜನ ಮನೆ ಬಾಗಿಲಿಗೆ ಬಂದು, ನಮ್ಮ ಅತ್ತೆ ಬರ್ತಾರೆ, ಯಾವುದರ ಜೊತೆ ಏನು ಕೊಡಲಿ ಅಂತ ಕೇಳುತ್ತಿದ್ದರು. ಹೆಂಡತಿಯೇ ಉತ್ತರ ಕೊಡುವಷ್ಟು ಪಳಗಿದ್ದಳು.

ಅಮ್ಮಾವರು ಒಮ್ಮೆಯೂ ಆ ಕಥೆ ಕೇಳಲು ಶೆಡ್ಡಿಗೆ ಬರಲಿಲ್ಲ. ಆದರೆ ದಿನಾ ಮಧ್ಯಾಹ್ನ ಒಬ್ಬರೇ ಮೇಜಿಗೆ ಕೂತು ಒಂದು ತಟ್ಟೆ ಮೀನು, ಒಂದು ಗ್ಲಾಸು 'ಕೊನೆಯ ಮಾತು' ಮುಗಿಸುತ್ತಿದ್ದರು. ಅವರಿಗೆ ಮೊದಲೇ ಹೊಟ್ಟೆಹುಣ್ಣಿತ್ತು. ಡಾಕ್ಟರು ಬೇಡ ಅಂದರು, ಮಗಳು ಬೇಡ ಅಂದಳು. "ಅವರ ಕೊನೆ ಮಾತು," ಅನ್ನುತ್ತಿದ್ದರು ಅಮ್ಮಾವರು, ಬೇರೆ ಏನೂ ಇಲ್ಲ. ಏಳನೇ ತಿಂಗಳಿಗೆ ರಕ್ತ ವಾಂತಿ ಮಾಡಿಕೊಂಡರು. ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಮೂರನೇ ದಿನ ದಾದಿ ಅವರ ಚೀಲದಲ್ಲಿ ಔಷಧಿ ಬಾಟ್ಲಿಗೆ ತುಂಬಿಸಿದ 'ಕೊನೆಯ ಮಾತು' ವೈನನ್ನೂ ಡಬ್ಬಿ ಮೀನನ್ನೂ ಹಿಡಿದಳು.

ಸುದ್ದಿ ಕೇಳಿದ ದಿನ ಗೋಂದಣ್ಣ ಕೋಟು ಹಾಕಿಕೊಂಡೇ ಆಸ್ಪತ್ರೆಗೆ ಹೋದ. ಮಧ್ಯಾಹ್ನ ಮೂರು ಗಂಟೆ. ಆರು ಹಾಸಿಗೆಯ ಕೋಣೆ, ಅಮ್ಮಾವರದು ಗೋಡೆ ಪಕ್ಕದ್ದು. ಸೊರಗಿ ಅರ್ಧ ಆಗಿದ್ದರು. ಗೋಂದಣ್ಣ ಸ್ಟೂಲಿನ ತುದಿಯಲ್ಲಿ ಕೂತ.

"ಅಮ್ಮಾವ್ರೇ, ಯಜಮಾನ್ರು ಮೀನು ಅನ್ನಲಿಲ್ಲ."

ಅಮ್ಮಾವರು ಕತ್ತು ತಿರುಗಿಸಿದರು.

"ಪೀಪಾಯಿ ಅಂತಾನೂ ಅನ್ನಲಿಲ್ಲ. ನಾನೇ ಅಂದಿದ್ದು. ಬಾಯಿಗೆ ಬಂದದ್ದು ಅಂದುಬಿಟ್ಟೆ."

"ಮತ್ತೇನಂದ್ರು?"

"ಚೀಟಿ ಓರೆ ಅಂದ್ರು. ಬೈದ್ರು."

"ಏನಂತ ಬೈದ್ರು?"

"ಕತ್ತೆ ಅಂದ್ರು."

"ಬರೀ ಕತ್ತೆನಾ?"

"ಮುದಿ ಕತ್ತೆ ಅಂದ್ರು. ಇಪ್ಪತ್ತೆರಡು ವರ್ಷ ಆಯ್ತು, ಒಂದು ಚೀಟಿ ನೆಟ್ಟಗೆ ಅಂಟಿಸೋಕೆ ಬರಲ್ವಲ್ಲೋ ಅಂದ್ರು. ಬಾಟ್ಲಿ ಕೆಳಗಿಟ್ರು. ಅಷ್ಟೆ."

ಬೈಗುಳ ಬರುತ್ತದೆ ಅಂತ ಗೋಂದಣ್ಣ ತಲೆ ತಗ್ಗಿಸಿ ಕಾಯುತ್ತಿದ್ದ. ಪಕ್ಕದ ಹಾಸಿಗೆಯವಳು ಕಿತ್ತಲೆ ಸುಲಿಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

"ಮೀನು ಕಂಡ್ರೆ ಆಗದ ಮನುಷ್ಯ ಅವರು," ಅಂದರು ಅಮ್ಮಾವರು. "ಬಿಳಿ ವೈನಿನ ಚೀಟಿ ಬರೆಯೋವಾಗಲೂ ಮೂಗು ಮುಚ್ಚಿಕೊಳ್ತಿದ್ರು. ನಲವತ್ತಾರು ವರ್ಷದಲ್ಲಿ ನನ್ನ ಅಡುಗೆಮನೇಲಿ ಒಂದು ದಿನ ಮೀನು ಬೇಯಿಸೋಕೆ ಬಿಟ್ಟಿಲ್ಲ. ಅಂಥವರು ಹೋಗೋವಾಗ ಮೀನು ಅಂದ್ರು ಅಂದ್ರಲ್ಲ ನೀವೆಲ್ಲ. ಹಾಗಾದ್ರೆ ಎಲ್ಲೋ ತಿಂತಿದ್ರು. ಯಾರ ಮನೇಲಿ? ಯಾರು ಮಾಡಿಹಾಕ್ತಿದ್ರು? ಇದನ್ನೇ ಯೋಚನೆ ಮಾಡಿದೀನಿ ಏಳು ತಿಂಗಳು. ಮೀನು ಮಾರೋಳ ಜೊತೆ ಮಾತು ಬಿಟ್ಟೆ, ಪಾಪ. ಅದರಲ್ಲಿ ಅಂಥಾದ್ದೇನಿದೆ ನೋಡೋಣ ಅಂತ ದಿನಾ ತಿಂದೆ. ಏನೂ ಸಿಗಲಿಲ್ಲ."

"ತಪ್ಪಾಯ್ತಮ್ಮ."

"ಮುದಿ ಕತ್ತೆ ಅಂದ್ರಲ್ಲ," ಅಂದರು ಅಮ್ಮಾವರು, ತಮ್ಮಷ್ಟಕ್ಕೆ. "ಅವರೇ ಅದು."

ಗೋಂದಣ್ಣ ಎದ್ದ. ನಾಳೆಯೇ ಎಲ್ಲರಿಗೂ ನಿಜ ಹೇಳಿ ಕೋಟು ಬಿಚ್ಚಿಡುತ್ತೇನೆ ಅಂದ. ಅಮ್ಮಾವರು ಅವನ ಕೋಟಿನ ತೋಳು ಹಿಡಿದರು. ಹಿಡಿತ ಬಲವಾಗಿತ್ತು.

"ಯಾರಿಗೂ ಹೇಳಬೇಡ. ನನ್ನ ಮಗನಿಗೆ ಅಪ್ಪ ಬಿಟ್ಟುಹೋದ ಒಂದೇ ಮಾತು ಅದು. ಅದನ್ನ ಕಿತ್ಕೊಂಡ್ರೆ ಅವನ ಹತ್ರ ಏನೂ ಉಳಿಯಲ್ಲ. ಅವನಿಗೆ ಅದಿರಲಿ. ನನಗೆ ಇದು ಸಾಕು."

ಅಮ್ಮಾವರು ಗಂಜಿ ಕುಡಿದು, ಹದಿನೈದು ದಿನಕ್ಕೆ ಮನೆಗೆ ಬಂದರು. ಮೀನು ನಿಂತಿತು. ಜನ, ಹೆಂಗಸಿಗೆ ದುಃಖ ಇಳಿಯಿತು ಅಂದರು. ಆದರೆ ಪ್ರತಿ ಗುರುವಾರ ಮಧ್ಯಾಹ್ನ ಗೋಂದಣ್ಣನಿಗೆ ಮನೆಯಿಂದ ಕರೆ ಬರತೊಡಗಿತು. ಅಮ್ಮಾವರು ಕೋಣೆಯ ಬಾಗಿಲು ಹಾಕಿಸಿ, ಕುರ್ಚಿಯಲ್ಲಿ ಕೂತು, "ಹೇಳು" ಅನ್ನುತ್ತಿದ್ದರು. ಅವನು ಹೇಳುತ್ತಿದ್ದ. ಬಾಟ್ಲಿ ಯಾವ ಕೈಲಿ ಹಿಡಿದಿದ್ದರು, ಮೊದಲು ಯಾವ ಕಣ್ಣು ಮುಚ್ಚಿದರು, ಎಲ್ಲ ಕೇಳುತ್ತಿದ್ದರು. "ಇಷ್ಟು ಮೆತ್ತಗೆ ಅಂದಿರಲ್ಲ ಅವರು. ಇನ್ನೂ ಜೋರಾಗಿ ಹೇಳು." ಹೀಗೆ ಗೋಂದಣ್ಣನಿಗೆ ವಾರಕ್ಕೆ ಮೂರು ಆಟ: ಶನಿವಾರ ಭಾನುವಾರ ಸುಳ್ಳು, ಗುರುವಾರ ನಿಜ. ಸುಳ್ಳಿಗೆ ಚಪ್ಪಾಳೆ ಬೀಳುತ್ತಿತ್ತು.

ಐದನೇ ಗುರುವಾರ ಅಡುಗೆಯವಳು ಕಾಫಿ ಹಿಡಿದು ಬಾಗಿಲ ಹತ್ತಿರ ಬಂದಳು. ಒಳಗಿಂದ ಗೋಂದಣ್ಣನ ದನಿ ಕೇಳಿಸಿತು. "ಮುದಿ ಕತ್ತೆ," ಅನ್ನುತ್ತಿದ್ದ ಅವನು, ಯಜಮಾನರ ಹೆಂಡತಿಯ ಎದುರು ನಿಂತು. ಅಡುಗೆಯವಳು ಕಾಫಿ ಅಲ್ಲೇ ನೆಲದ ಮೇಲಿಟ್ಟು ನೇರ ಶೆಡ್ಡಿಗೆ ಓಡಿದಳು.

ಮಗ ಬಂದು ಬಾಗಿಲು ತೆರೆದಾಗ ಅವನ ಕೈಯಲ್ಲಿ ಹೊಸ ಚೀಟಿಯ ಕರಡಿತ್ತು, ಅದರ ಮೇಲೆ ಅಪ್ಪನ ಚಿತ್ರ. ಹಿಂದೆ ವಕೀಲರು.

"ನಮ್ಮಮ್ಮನ್ನ ಮುದಿ ಕತ್ತೆ ಅಂದ್ಯಾ?"

"ಅಮ್ಮಾವ್ರನ್ನ ಅಲ್ಲ."

"ಮತ್ತೆ ಈ ಕೋಣೇಲಿ ಇನ್ಯಾರಿದಾರೆ?"

ಗೋಂದಣ್ಣ ಉತ್ತರ ಕೊಡಲಿಲ್ಲ. ಕೊಟ್ಟ ಮಾತಿತ್ತು. ವಕೀಲರು, ಮೌನ ಅಂದರೆ ಒಪ್ಪಿಗೆ ಅಂತ ತೆಗೆದುಕೊಳ್ಳಬಹುದು ಅಂದರು.

"ಅಮ್ಮ," ಅಂದ ಮಗ, "ಬಾಗಿಲು ಹಾಕ್ಕೊಂಡು ಇವನು ನಿನಗೆ ಬೈತಿದ್ದನಾ?"

ಅಮ್ಮಾವರು ಗೋಂದಣ್ಣನನ್ನು ನೋಡಿದರು. ಮಗನನ್ನು ನೋಡಿದರು. ಮಗನ ಕೈಯಲ್ಲಿದ್ದ ಚಿತ್ರವನ್ನು ನೋಡಿದರು.

"ಹೂಂ," ಅಂದರು. "ಬೈತಿದ್ದ."

ಕೋಟು ಅಲ್ಲೇ ಬಿಚ್ಚಿಸಿಕೊಂಡರು. ಇಪ್ಪತ್ತಮೂರನೇ ವರ್ಷ ನಡೆಯುತ್ತಿತ್ತು. ಬೀದಿಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ದಿನಾ ವೈನು ಹತ್ತಿರ ಇದ್ದರೆ ಹಾಗೇ ಆಗುವುದು, ಕುಡಿದು ಕೆಟ್ಟ, ಅಂತ ಕ್ಷೌರಿಕ ಬಂದವರಿಗೆಲ್ಲ ಹೇಳಿದ. ಭಾವಮೈದ ಬಂದು, ತಂಗಿಯನ್ನು ಕರೆದುಕೊಂಡು ಹೋಗಲಾ ಅಂತ ಗೋಂದಣ್ಣನ ಎದುರೇ ಕೇಳಿದ. "ಇರಲಿ ಬಿಡಣ್ಣ," ಅಂದಳು ಹೆಂಡತಿ. "ನನಗೆ ಇದುವರೆಗೆ ಬೈದಿಲ್ಲ." ಆಮೇಲೆ ಮೂರು ದಿನ ಅವಳೂ ಅವನ ಜೊತೆ ಮಾತಾಡಲಿಲ್ಲ. ಗೋಂದಣ್ಣ ಮನೆಯೊಳಗೇ ಕೂತ. ಗಡ್ಡ ಬೆಳೆಯಿತು, ಕ್ಷೌರದ ಅಂಗಡಿಗೆ ಹೋಗುವ ಹಾಗಿರಲಿಲ್ಲವಲ್ಲ.

ಮೂರನೇ ವಾರ, ಗುರುವಾರ ಮಧ್ಯಾಹ್ನ, ಬೀದಿಯಲ್ಲಿ ಒಂದು ಬಾಡಿಗೆ ಕಾರು ನಿಂತಿತು. ಅಮ್ಮಾವರು ಇಳಿದರು. ಹೆಂಡತಿ ಕುರ್ಚಿ ಒರೆಸಿ ಕೊಟ್ಟಳು. "ಒಂದು ಹತ್ತು ನಿಮಿಷ ಹೊರಗಿರ್ತೀಯಾ ತಾಯಿ," ಅಂದರು ಅಮ್ಮಾವರು. ಅವಳು ಇಬ್ಬರ ಮುಖವನ್ನೂ ನೋಡಿ ಹೊರಗೆ ಹೋದಳು. ಆಗಲೇ ಎದುರು ಮನೆ ಕಿಟಕಿಗಳು ತೆರೆದಿದ್ದವು.

ಗೋಂದಣ್ಣ ಗೋಡೆಗೆ ಒರಗಿ ನಿಂತಿದ್ದ.

"ಕೆಲಸ ಹೋಯ್ತಮ್ಮ," ಅಂದ.

"ಗೊತ್ತು."

"ಬೀದೀಲಿ ತಲೆ ಎತ್ತೋ ಹಾಗಿಲ್ಲ. ಹೂಂ ಅಂದ್ಬಿಟ್ರಲ್ಲ ನೀವು. ಒಂದು ಮಾತು ಬೇರೆ ಅಂದಿದ್ರೆ ಆಗ್ತಿತ್ತು."

"ನೀನು ಅವತ್ತು ಒಂದು ಮಾತು ಬೇರೆ ಅಂದಿದ್ರೆ ಏಳು ತಿಂಗಳು ನಾನು ಮೀನು ತಿಂತಿರಲಿಲ್ಲ," ಅಂದರು ಅಮ್ಮಾವರು. ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗು ಸರಿಮಾಡಿಕೊಂಡು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. "ಹೇಳು."

"ಓರೆ ಅಂದ್ರು," ಅಂದ ಗೋಂದಣ್ಣ ನೆಲ ನೋಡುತ್ತ. "ಮುದಿ ಕತ್ತೆ ಅಂದ್ರು."

"ಹೀಗಲ್ಲ. ಸರಿಯಾಗಿ ಬೈಯಿ."

ಕೆಲಸ ಕಳೆದುಕೊಂಡ, ಮಾನ ಕಳೆದುಕೊಂಡ, ಮೂರು ವಾರ ಗಡ್ಡ ಬಿಟ್ಟ ಆ ಮನುಷ್ಯ ತಲೆ ಎತ್ತಿದ. ಜೀವಮಾನದಲ್ಲಿ ಯಾರಿಗೂ ದನಿ ಎತ್ತಿದವನಲ್ಲ. ಈಗ ಎತ್ತಿದ. ಮುದಿ ಕತ್ತೆ ಅಂದ. ಇಪ್ಪತ್ತೆರಡು ವರ್ಷ ಅಂದ. ಎದುರು ಮನೆಯವರಿಗೆ ಕೇಳಿಸಿತು, ಅವರ ಹಿಂದಿನ ಮನೆಯವರಿಗೂ ಕೇಳಿಸಿತು, ಹೊರಗೆ ಜಗಲಿಯ ಮೇಲೆ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡಳು. ಒಂದು ಚೀಟಿ ನೆಟ್ಟಗೆ ಅಂಟಿಸೋಕೆ ಬರಲ್ವಲ್ಲೋ ನಿನಗೆ ಅಂತ ಅವನು ಅಬ್ಬರಿಸಿ ಮುಗಿಸುವಾಗ ಅವನ ಒಂದು ಕಣ್ಣು ತಾನಾಗಿಯೇ ಮುಚ್ಚಿತ್ತು.

ಅಮ್ಮಾವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

"ಬಂದ್ರು," ಅಂದರು.